ದೋಣಿಯ ಹುಳುಕು

ದೋಣಿ ಬಂದಾಗ ಹಲ್ಲಿನ ಡಾಕ್ಟರರು ಯಾರದೋ ದವಡೆಹಲ್ಲು ಕೀಳುತ್ತಿದ್ದರು. ಬಾಗಿಲಲ್ಲೇ ಲಾರಿ ಹಾರ್ನ್ ಹೊಡೆದರೂ ಕೈ ಅಲುಗದಿದ್ದುದು ಮೂವತ್ತು ವರ್ಷದ ಅಭ್ಯಾಸಬಲ. ಕೆಲಸ ಮುಗಿಸಿ, ಗ್ಲೌಸು ಕಳಚಿ ಹೊರಬಂದು ನೋಡಿದರೆ ಹತ್ತೊಂಬತ್ತು ಅಡಿ ಉದ್ದದ ಫೈಬರ್‌ಗ್ಲಾಸ್ ಹಾಯಿದೋಣಿಯೊಂದು ಮೈತುಂಬ ಹಗ್ಗ ಬಿಗಿಸಿಕೊಂಡು ಲಾರಿಯ ಮೇಲೆ ಕೂತಿತ್ತು. ಒಂದು ಕಾಲಕ್ಕೆ ಬಿಳಿಯಿದ್ದಿರಬೇಕು. ಈಗ ಹಳದಿಗೆ ತಿರುಗಿ, ಅಲ್ಲಲ್ಲಿ ಕಂದುಗಟ್ಟಿ, ದಿನಕ್ಕೆ ಹತ್ತು ಸಲ ಚಹಾ ಕುಡಿಯುವವರ ಹಲ್ಲಿನ ಹಾಗಿತ್ತು.

ಕಳಿಸಿದವರು ಹೆಂಡತಿಯ ಸೋದರಮಾವ. ಅವರು ಹಿತ್ತಿಲಿದ್ದ ಮನೆ ಬಿಟ್ಟು ಲಿಫ್ಟಿರುವ ಫ್ಲ್ಯಾಟಿಗೆ ಹೋಗಿದ್ದರು.

"ಅಳಿಯಂದ್ರೇ, ಎರಡು ಸಲ ಅಳತೆ ಮಾಡಿದೆ, ಲಿಫ್ಟಿನೊಳಗೆ ಹಿಡೀಲಿಲ್ಲ," ಎಂದರು ಫೋನಿನಲ್ಲಿ. "ನಿಮ್ಮದು ಸೂಕ್ಷ್ಮ ಕೈ. ಏನಾದ್ರೂ ಮಾಡಿ. ಒಲೆಗೆ ಹಾಕೋಣ ಅಂದ್ರೆ ಅದು ಸೌದೇನೂ ಅಲ್ಲ."

ಮನೆ ಮಹಡಿಯ ಮೇಲೆ, ಕೆಳಗೆ ಕ್ಲಿನಿಕ್ಕು, ಅದರ ಹಿಂದೆ ಕಾರು ನಿಲ್ಲಿಸುವ ಶೆಡ್ಡು. ಕಾರು ಬೀದಿಗೆ ಬಿತ್ತು, ದೋಣಿ ಒಳಗೆ ಬಂತು. ಡಾಕ್ಟರರು ಅದನ್ನು ಮರುದಿನವೇ ಹಳೇ ಸಾಮಾನಿನವನಿಗೆ ಕೊಟ್ಟುಬಿಡುವ ಮನಸ್ಸು ಮಾಡಿದ್ದರು. ಆದರೆ ರಾತ್ರಿ ಊಟಕ್ಕೆ ಮುಂಚೆ ಸುಮ್ಮನೆ ಒಮ್ಮೆ ಟಾರ್ಚು ಹಿಡಿದು ಅದರ ಹೊಟ್ಟೆಯ ಕೆಳಗೆ ನುಸುಳಿದ್ದೇ ತಪ್ಪಾಯಿತು. ಅಲ್ಲಿ ಗುಳ್ಳೆಗಳಿದ್ದವು. ಉಗುರಿನಿಂದ ಒಂದನ್ನು ಒತ್ತಿದರೆ ಪಿಚಕ್ಕನೆ ಹುಳಿ ವಾಸನೆಯ ನೀರು ಚಿಮ್ಮಿತು.

"ಅಯ್ಯೋ ಪಾಪ," ಎಂದರು ಡಾಕ್ಟರರು.

ದೋಣಿ ಸಾಮಾನಿನ ಅಂಗಡಿಯವನು ವಿಧಾನ ಹೇಳಿಕೊಟ್ಟ. ಕೆಟ್ಟ ಭಾಗ ಕೊರೆದು ತೆಗೀಬೇಕು, ತೊಳೆದು ಚೆನ್ನಾಗಿ ಒಣಗಿಸಬೇಕು, ರೆಸಿನ್ ತುಂಬಬೇಕು, ಗಟ್ಟಿಯಾದ ಮೇಲೆ ಉಜ್ಜಿ ನಯ ಮಾಡಬೇಕು. ಡಾಕ್ಟರರು ಅವನನ್ನು ನೋಡಿಯೇ ನೋಡಿದರು. "ಇದನ್ನೇ ಅಲ್ವೇನಪ್ಪಾ ನಾನು ಮೂವತ್ತು ವರ್ಷದಿಂದ ಮಾಡ್ತಿರೋದು!"

ಉಳಿದವರಾದರೆ ದೊಡ್ಡ ಗ್ರೈಂಡರ್ ತಂದು ಎರಡು ದಿನದಲ್ಲಿ ಇಡೀ ತಳವನ್ನು ಕೆರೆದು ಬಿಸಾಕುತ್ತಿದ್ದರು. ಡಾಕ್ಟರರು ಹಲ್ಲು ಕೊರೆಯುವ ಸಣ್ಣ ಡ್ರಿಲ್ಲು ಹಿಡಿದು ಕೂತರು. ಮೊದಲ ಗುಳ್ಳೆಗೆ ಮೂರು ದಿನ ಹಿಡಿಯಿತು. ದೊಡ್ಡ ಹಾಳೆಯ ಮೇಲೆ ದೋಣಿಯ ಚಿತ್ರ ಬರೆದು, ಎಡ ಮೇಲೆ, ಎಡ ಕೆಳಗೆ, ಬಲ ಮೇಲೆ, ಬಲ ಕೆಳಗೆ ಎಂದು ಭಾಗ ಮಾಡಿ, ಒಂದೊಂದು ಗುಳ್ಳೆಗೂ ನಂಬರು ಕೊಟ್ಟರು. ಒಟ್ಟು ಮುನ್ನೂರ ನಲವತ್ತಾರು.

ಒಂದು ಮಧ್ಯಾಹ್ನ ಒಗೆದ ಬಟ್ಟೆ ತರಲು ಹೋದ ಹೆಂಡತಿಗೆ ಶೆಡ್ಡಿನಿಂದ ಮಾತು ಕೇಳಿಸಿತು. "ಸ್ವಲ್ಪ ಜುಮ್ ಅನ್ನುತ್ತೆ, ತಡ್ಕೊಳ್ಳಿ. ಹಾಂ, ಆಯ್ತು, ಆಯ್ತು." ಇಣುಕಿದರೆ ಒಳಗೆ ಇನ್ನೊಂದು ನರಪಿಳ್ಳೆಯಿಲ್ಲ.

"ರೀ, ಯಾರ ಹತ್ರ ಮಾತಾಡ್ತಿದ್ದೀರಿ?"

"ನೂರ ಹನ್ನೆರಡನೇದು. ತುಂಬ ಆಳಕ್ಕೆ ಹೋಗಿದೆ."

ಬಾಯಿ ತೆರೆದುಕೊಂಡು ಉತ್ತರ ಕೊಡಲಾಗದವರ ಜೊತೆ ಜೀವಮಾನವೆಲ್ಲ ಮಾತಾಡಿದವರಿಗೆ ದೋಣಿ ಉತ್ತರ ಕೊಡದ್ದು ವಿಶೇಷವೆನಿಸಿರಲಿಲ್ಲ. ಅದಕ್ಕೆ ಬಹುವಚನ ಹಚ್ಚುತ್ತಿದ್ದುದು ಮಾತ್ರ ಹೆಂಡತಿಗೆ ಸ್ವಲ್ಪ ಚುಚ್ಚಿತು. ಮದುವೆಯಾದ ಹೊಸದರಲ್ಲಿ ಕೂಡ ತನಗೆ ಅಷ್ಟು ಮರ್ಯಾದೆ ಸಿಕ್ಕ ನೆನಪು ಅವಳಿಗಿರಲಿಲ್ಲ.

ಹೀಗಿರುವಾಗ ಬೀದಿ ಕೊನೆಯ ಬೇಕರಿಯ ಅಕ್ಕ ಕೆನ್ನೆ ಹಿಡಿದುಕೊಂಡು ಓಡಿಬಂದಳು. ಆಗಷ್ಟೇ ಡಾಕ್ಟರರು ರೆಸಿನ್ ಕಲಸಿದ್ದರು. ಕಾಲು ಗಂಟೆಯೊಳಗೆ ಹಚ್ಚದಿದ್ದರೆ ಅದು ಬಟ್ಟಲಲ್ಲೇ ಕಲ್ಲಾಗುತ್ತದೆ. "ಹಿಂದಗಡೆ ಬನ್ನಿ, ದೋಣಿಯೊಳಗೆ ಹತ್ತಿ ಕೂತಿರಿ, ಈಗ ಬಂದೆ," ಎಂದರು. ರೆಸಿನ್ ಹಚ್ಚಿ, ಕೈ ತೊಳೆದು, ದೀಪ ತೆಗೆದುಕೊಂಡು ಮೇಲೆ ಹತ್ತಿದರೆ ಬೇಕರಿಯಕ್ಕ ದೋಣಿಯ ಉದ್ದ ಬೆಂಚಿನ ಮೇಲೆ ಕಾಲು ಚಾಚಿ ಗೊರಕೆ ಹೊಡೆಯುತ್ತಿದ್ದಳು. ಕ್ಲಿನಿಕ್ಕಿನಲ್ಲಿ ಇದೇ ಹೆಂಗಸು ಎರಡು ಸಲ ಡಾಕ್ಟರರ ಬೆರಳು ಕಚ್ಚಿದ್ದಳು.

"ಆ ಕುರ್ಚಿ ನೋಡಿದ್ರೇನೇ ನಂಗೆ ಎದೆ ಢವಢವ ಅನ್ನುತ್ತೆ ಡಾಕ್ಟ್ರೇ," ಎಂದಳು ಎದ್ದ ಮೇಲೆ. "ಇಲ್ಲಾದ್ರೆ ಎಲ್ಲಿಗೋ ಹೊರಟಂಗಿದೆ."

ಸುದ್ದಿ ಬೇಕರಿಯಿಂದ ಬ್ರೆಡ್ಡಿನ ಜೊತೆ ಮನೆಮನೆಗೂ ಹೋಯಿತು. ಒಂದು ತಿಂಗಳೊಳಗೆ ಯಾರೂ ಕುರ್ಚಿ ಕೇಳುವವರಿಲ್ಲ. ಫೋನೆತ್ತಿದರೆ "ದೋಣೀಲಿ ಯಾವಾಗ ಸಿಗುತ್ತೆ?" ಡಾಕ್ಟರರು ತಳದಲ್ಲಿ ಒಂದು ಗುಳ್ಳೆ ತುಂಬಿಸಿ, ಅದು ಒಣಗುವಷ್ಟರಲ್ಲಿ ಮೇಲೆ ಒಂದು ಹಲ್ಲು ತುಂಬಿಸುತ್ತಿದ್ದರು. ಎರಡೂ ಕೆಲಸ ಹೊಂದಿಕೊಂಡು ನಡೆದವು. ಪಾತ್ರೆ ತೊಳೆಯಲು ದೋಣಿಯಲ್ಲಿದ್ದ ಸಿಂಕು ಬಾಯಿ ಮುಕ್ಕಳಿಸಲು ಒದಗಿತು. ಹರಿದ ಹಾಯಿಯನ್ನು ಚಪ್ಪಲಿ ಹೊಲಿಯುವವನು, ತನ್ನ ಎರಡು ಕೋರೆಹಲ್ಲಿನ ಋಣಕ್ಕೆ, ದಪ್ಪ ದಾರ ಹಾಕಿ ಹೊಲಿದುಕೊಟ್ಟ. ಲಡ್ಡಾದ ಹಲಗೆ ತೆಗೆದು ಹೊಸದು ಕೂರಿಸಿದ್ದಾಯಿತು, ತುಕ್ಕು ಹಿಡಿದ ಕೊಂಡಿಗಳು ಬದಲಾದವು, ಚುಕ್ಕಾಣಿ ತಿರುಗತೊಡಗಿತು. ಕ್ಲಿನಿಕ್ಕಿನ ಖಾಲಿ ಕುರ್ಚಿಯನ್ನು ಹೆಂಡತಿ ಹಿಂದಕ್ಕೆ ಬಾಗಿಸಿ, ಅದರ ಮೇಲೆ ಮಲಗಿ ಪೇಪರು ಓದುವುದನ್ನು ರೂಢಿ ಮಾಡಿಕೊಂಡಳು.

ಮುನ್ನೂರ ನಲವತ್ತಾರನೆಯ ಗುಳ್ಳೆ ಮುಗಿದ ವಾರವೇ ದೋಣಿ ತಪಾಸಣೆಯ ಇನ್‌ಸ್ಪೆಕ್ಟರು ಬಂದರು. ಯಾರೋ ಅಸೂಯೆಯಿಂದ ಅರ್ಜಿ ಹಾಕಿದ್ದರಂತೆ, ದೋಣಿಯೊಂದನ್ನು ಸರ್ಟಿಫಿಕೇಟಿಲ್ಲದೆ ಸಾರ್ವಜನಿಕರಿಗೆ ಬಳಸುತ್ತಿದ್ದಾರೆ ಎಂದು. ಇನ್‌ಸ್ಪೆಕ್ಟರು ಆನೆಯಂಥ ಆಸಾಮಿ, ಕೈಯಲ್ಲಿ ಗುಬ್ಬಚ್ಚಿಯಂಥ ಸುತ್ತಿಗೆ. ದೋಣಿಯ ಸುತ್ತ ಟಕ್ ಟಕ್ ಎಂದು ತಟ್ಟುತ್ತ, ಕಿವಿಗೊಟ್ಟು ಆಲಿಸುತ್ತ ಬಂದರು. ಮೂತಿಯ ಹತ್ತಿರ ನಿಂತರು.

"ಇಲ್ಲಿ ಟೊಳ್ಳಿದೆ."

"ಸಾಧ್ಯವೇ ಇಲ್ಲ ಸಾರ್."

"ಇಪ್ಪತ್ತು ವರ್ಷದಿಂದ ತಟ್ಟಿದ ಕೈ ಇದು."

"ನಾನು ಮೂವತ್ತು ವರ್ಷದಿಂದ ತಟ್ತಿದ್ದೀನಿ." ಡಾಕ್ಟರರು ಇನ್‌ಸ್ಪೆಕ್ಟರ ಮುಖವನ್ನೇ ದಿಟ್ಟಿಸಿದರು. "ನೀವು ಎಡಗಡೆ ಅಗಿಯೋದೇ ಇಲ್ಲ ಅಲ್ವಾ?"

ಇನ್‌ಸ್ಪೆಕ್ಟರು ಎರಡು ಹೆಜ್ಜೆ ಹಿಂದೆ ಸರಿದರು. ಹನ್ನೊಂದನೇ ವಯಸ್ಸಿನಲ್ಲಿ ಒಮ್ಮೆ ಹಲ್ಲಿನ ಡಾಕ್ಟರ ಹತ್ತಿರ ಹೋದವರು ಮತ್ತೆ ಆ ಕಡೆ ತಲೆ ಹಾಕಿರಲಿಲ್ಲ. ಈಚೆಗೆ ನಾಲ್ಕು ತಿಂಗಳಿಂದ ನೋವು ತಿಂದು ಹಣ್ಣಾಗಿದ್ದರು. ದೋಣಿಯ ವಿಚಾರ ಅವರಿಗೂ ಗೊತ್ತಿತ್ತು. ಮನಸ್ಸೂ ಇತ್ತು. ಆದರೆ ನಿಯಮ ಅಡ್ಡ ಬಂತು.

"ದೋಣಿ ನೆಲದ ಮೇಲಿರೋ ತನಕ ನಾನು ಡ್ಯೂಟಿಯಲ್ಲಿರೋ ಇನ್‌ಸ್ಪೆಕ್ಟರು. ಡ್ಯೂಟಿಯಲ್ಲಿ ಬಾಯಿ ಬಿಡೋ ಹಾಗಿಲ್ಲ. ನೀರಿಗಿಳಿದ ಮೇಲೆ ಒಳಗೆ ಕೂತವರೆಲ್ಲ ಪ್ರಯಾಣಿಕರು. ಆಗ ಬೇಕಾದ್ರೆ ನೋಡಿ."

ಡಾಕ್ಟರರ ಮುಖ ಬಿಳುಚಿತು. ಅವರು ಬಕೆಟ್ಟಿಗಿಂತ ಆಳದ ನೀರಿಗೆ ಇಳಿದವರಲ್ಲ. ಈಜು ಬಾರದು. ದೋಣಿ ಎಂದರೆ ನೀರು ಎಂಬ ಯೋಚನೆಯೇ ಈ ಎಂಟು ತಿಂಗಳಲ್ಲಿ ಅವರಿಗೆ ಬಂದಿರಲಿಲ್ಲ.

"ಹಾಗಾದ್ರೆ ಯಾಕ್ರೀ ಇದನ್ನ ರಿಪೇರಿ ಮಾಡಿದ್ರಿ?" ಎಂದಳು ಹೆಂಡತಿ.

"ಹುಳುಕಿತ್ತು."



ಭಾನುವಾರ ದೋಣಿ ಕೆರೆಗೆ ಹೋಯಿತು. ದಡದಲ್ಲಿ ಹನ್ನೆರಡು ಮಂದಿ ಕೆನ್ನೆ ಹಿಡಿದುಕೊಂಡು ನಿಂತಿದ್ದರು. ಕೊಟ್ಟ ಸಮಯವನ್ನು ಬಿಟ್ಟುಕೊಡಲು ಯಾರೂ ಒಪ್ಪಿರಲಿಲ್ಲ. ಕ್ರೇನು ದೋಣಿಯನ್ನು ನೀರಿಗಿಟ್ಟಿತು. ಇನ್‌ಸ್ಪೆಕ್ಟರು, ಡಾಕ್ಟರರು, ಹೆಂಡತಿ, ಅರ್ಧ ಮುಗಿದ ಹಲ್ಲಿನ ಬೇಕರಿಯಕ್ಕ ಹತ್ತಿದರು. ಡಾಕ್ಟರರು ಹಾಯಿಕಂಬವನ್ನು ತಬ್ಬಿಕೊಂಡು ಕಣ್ಣು ಮುಚ್ಚಿದರು. ಗಾಳಿ ಹಾಯಿಗೆ ಬಡಿದು ದೋಣಿ ಓಲಿದಾಗ ಬಾಯಿಗೆ ಬಂದ ದೇವರನ್ನೆಲ್ಲ ಕರೆದರು.

"ನೀರು!" ಎಂದು ಕೂಗಿದಳು ಬೇಕರಿಯಕ್ಕ.

ಮೂತಿಯ ಹತ್ತಿರ, ಸುತ್ತಿಗೆ ನಿಂತಿದ್ದ ಜಾಗದಲ್ಲೇ, ಸಣ್ಣಗೆ ಒಸರುತ್ತಿತ್ತು.

"ನಾನು ಹೇಳ್ಲಿಲ್ವಾ?" ಎಂದರು ಇನ್‌ಸ್ಪೆಕ್ಟರು. ಅವರ ದನಿಯಲ್ಲಿ ಗೆಲುವಿತ್ತೇ ಹೊರತು ಗಾಬರಿಯಿರಲಿಲ್ಲ.

ಡಾಕ್ಟರರು ಕಣ್ಣು ಬಿಟ್ಟರು. ಮುನ್ನೂರ ನಲವತ್ತೇಳು! ಮರುಕ್ಷಣ ಕಂಬ ಬಿಟ್ಟು, ಹೊಟ್ಟೆಯ ಮೇಲೆ ತೆವಳಿಕೊಂಡು, ಹಣೆಗೆ ದೀಪ ಕಟ್ಟಿ ಅಲ್ಲಿದ್ದರು. "ಕನ್ನಡಿ!" ಎಂದರು, ಹೆಂಡತಿ ಕನ್ನಡಿ ಕೊಟ್ಟಳು. "ಹತ್ತಿ!" ಎಂದರು, ಹತ್ತಿ ಕೊಟ್ಟಳು. ಒದ್ದೆ ಬಾಯೊಳಗೇ ಗಟ್ಟಿಯಾಗುವ ಸಿಮೆಂಟೊಂದು ಅವರ ಚೀಲದಲ್ಲಿತ್ತು. ಅದನ್ನು ಕಲಸಿ, ಬಿರುಕಿಗೆ ಒತ್ತಿ, ಬೆರಳಿಟ್ಟು ನಾಲ್ಕು ನಿಮಿಷ ಕಾದರು. ಒಸರು ನಿಂತಿತು.

ಇನ್‌ಸ್ಪೆಕ್ಟರು ಸುತ್ತಿಗೆ ತೆಗೆದು ಒಳಗಿನಿಂದ ತಟ್ಟಿದರು. ಮತ್ತೊಮ್ಮೆ ತಟ್ಟಿದರು. ಆಮೇಲೆ ಸುತ್ತಿಗೆ ಜೇಬಿಗಿಟ್ಟು, ಬೆಂಚಿನ ಮೇಲೆ ಮಲಗಿ, ತಾವಾಗಿಯೇ ಬಾಯಿ ತೆರೆದರು.

ಹಲ್ಲು ಕೈಗೆ ಬಂದಾಗಷ್ಟೇ ಡಾಕ್ಟರರಿಗೆ ಒಂದು ವಿಷಯ ಹೊಳೆಯಿತು. ಇನ್‌ಸ್ಪೆಕ್ಟರು ಮಲಗಿದ್ದಾರೆ, ತಾವು ಇಕ್ಕಳ ಹಿಡಿದಿದ್ದೇವೆ, ದೋಣಿ ಮಾತ್ರ ನೆಟ್ಟಗೆ ಕೆರೆಯ ನಡುವೆ ಸಾಗುತ್ತಿದೆ. ತಿರುಗಿ ನೋಡಿದರು. ಹೆಂಡತಿ ಸೆರಗು ಸಿಕ್ಕಿಸಿ, ಒಂದು ಕೈಯಲ್ಲಿ ಚುಕ್ಕಾಣಿ, ಇನ್ನೊಂದರಲ್ಲಿ ಹಾಯಿಯ ಹಗ್ಗ ಹಿಡಿದು, ಗಾಳಿ ಬಂದ ಕಡೆ ಮುಖವೊಡ್ಡಿ ಕೂತಿದ್ದಳು.

"ನಿಂಗೆ ಇದು ಬರುತ್ತಾ?"

"ಇದು ನನ್ನ ಮಾವನ ದೋಣಿ ಕಣ್ರೀ. ಮದುವೆ ಆಗೋ ತನಕ ಪ್ರತಿ ರಜೆಯಲ್ಲೂ ಇದನ್ನ ನಡೆಸಿದ್ದೀನಿ."

"ಮತ್ತೆ ಹೇಳಲೇ ಇಲ್ಲ?"

"ನೀವು ಹುಳುಕು ನೋಡ್ತಿದ್ರಿ."

ದಡದಲ್ಲಿ ಜನ ಕೈಬೀಸಿ ಕರೆಯುತ್ತಿದ್ದರು. ಡಾಕ್ಟರರು ತಿರುಗಿಸು ಎಂದರು. ಗಾಳಿ ಚೆನ್ನಾಗಿದೆ ಎಂದಳು ಅವಳು. ಆಚೆ ದಡ ಮುಟ್ಟಿದ ಮೇಲೆ ಇನ್‌ಸ್ಪೆಕ್ಟರು, ಬಾಯಲ್ಲಿ ಹತ್ತಿ ಕಚ್ಚಿಕೊಂಡು, ಸರ್ಟಿಫಿಕೇಟಿಗೆ ಸಹಿ ಹಾಕಿ, ಬಸ್ಸು ಹುಡುಕಿಕೊಂಡು ಹೋದರು.

ಅಂದಿನಿಂದ ವಾರಕ್ಕೆ ಎರಡು ದಿನ ಕ್ಲಿನಿಕ್ಕು ಕೆರೆಯ ಮೇಲೆ. ಗಾಳಿ ಎತ್ತ ಬೀಸಿದರೆ ಅತ್ತ ಚಿಕಿತ್ಸೆ ಮುಗಿಯುತ್ತದೆ, ಇಳಿದವರು ಸಿಕ್ಕ ಬಸ್ಸು ಹಿಡಿದು ಮನೆ ಸೇರುತ್ತಾರೆ. ಡಾಕ್ಟರರು ಇನ್ನೊಬ್ಬರ ಬಾಯೊಳಗೆ ನೋಡುತ್ತಿರುವಷ್ಟು ಹೊತ್ತೂ ನೀರನ್ನು ನೋಡಬೇಕಾಗಿ ಬರುವುದಿಲ್ಲ.

ಒಂದು ಸಂಜೆ ಕೊನೆಯವರು ಇಳಿದುಹೋದ ಮೇಲೆ ಹೆಂಡತಿ ಹಾಯಿಯನ್ನು ಮಡಚದೆ ಬಿಚ್ಚಿಯೇ ಇಟ್ಟಿದ್ದಳು.

"ಒಂದು ಸುತ್ತು ಬರ್ತೀರಾ?"

"ಯಾರೂ ಇಲ್ವಲ್ಲ."

"ಅದಕ್ಕೇ ಕೇಳಿದ್ದು."

ಡಾಕ್ಟರರು ದಡದ ಕಲ್ಲಿನ ಮೇಲೆ ಬಹಳ ಹೊತ್ತು ನಿಂತರು. ಆಮೇಲೆ ಚೀಲವನ್ನು ಅಲ್ಲೇ ಬಿಟ್ಟು ಹತ್ತಿದರು. ದೋಣಿ ಹೊರಟಿತು. ಕೂತರು, ಎದ್ದರು, ಮತ್ತೆ ಕೂತರು.

"ಈ ಕೈಗಳನ್ನ ಏನು ಮಾಡ್ಲಿ?" ಎಂದರು ಕೊನೆಗೆ.

ಅವಳು ಹಾಯಿಯ ಹಗ್ಗವನ್ನು ಅವರ ಅಂಗೈಯೊಳಗಿಟ್ಟಳು.

"ಇದನ್ನ ಹಿಡ್ಕೊಳ್ಳಿ. ಎಳೀಬೇಡಿ. ಸುಮ್ನೆ ಹಿಡ್ಕೊಳ್ಳಿ."