ಅರಭಾವಿಯಿಂದ ಬಂದ ಲಿಂಕ್

ಹದಿನೈದು ದಿನಗಳಿಂದ ನಂದಾಳ ವೆಬ್‌ಸೈಟು ಒಂದೊಂದೇ ಮೆಟ್ಟಿಲು ಇಳಿಯುತ್ತಿತ್ತು. ಮೊಬೈಲಿನಲ್ಲಿ ‘ಕೈಹೊಲಿಗೆ ಕೌದಿ’ ಎಂದು ಹುಡುಕಿದರೆ ಮೊದಲ ಪುಟದಲ್ಲಿ ಮೂರನೆಯದಾಗಿ ಠೀವಿಯಿಂದ ಕೂತಿರುತ್ತಿದ್ದ ಸೈಟು, ಇವತ್ತು ನಾಲ್ಕನೆಯ ಪುಟದ ಬುಡದಲ್ಲಿ, ಸಂತೆಯಲ್ಲಿ ಕೈತಪ್ಪಿದ ಕೂಸಿನ ಹಾಗೆ ನಿಂತಿತ್ತು. ಅಲ್ಲಿಯವರೆಗೆ ಯಾರು ಬರುತ್ತಾರೆ? ಬಟ್ಟೆಯ ತುಂಡು ಸೇರಿಸಿ ಹೊಲಿದ ಈ ಹೊದಿಕೆಯನ್ನು ಜನ ಕೇಳುವುದೇ ಚಳಿಗಾಲದ ಮೂರು ತಿಂಗಳು. ಆರ್ಡರು ಬರದಿದ್ದರೆ ಅವಳನ್ನು ನಂಬಿ ಹೊಲಿಯಲು ಕೂತ ದಡ್ಡಿ ಊರಿನ ಹನ್ನೊಂದು ಹೆಂಗಸರು ಸೂಜಿ ಎತ್ತಿಟ್ಟು ಮತ್ತೆ ಕಬ್ಬು ಕಡಿಯಲು ಹೋಗಬೇಕು.

ಹುಡುಕಿಕೊಡುವ ಆ ಯಂತ್ರವನ್ನು ನಂದಾ ಒಬ್ಬ ಕುರುಡ ರಾಜನೆಂದು ಕಲ್ಪಿಸಿಕೊಂಡಿದ್ದಳು. ಕೌದಿಯ ಬಣ್ಣ ಅವನಿಗೆ ಕಾಣದು, ಮುಟ್ಟಿ ನೋಡಲು ಕೈಯಿಲ್ಲ. ಯಾರು ಯಾರ ಬಗ್ಗೆ ಏನು ಹೇಳಿದರು ಎಂದು ಕಿವಿಗೊಟ್ಟು ಕೂತಿರುತ್ತಾನೆ. ಒಂದು ಸೈಟಿನವರು ಇನ್ನೊಂದಕ್ಕೆ ಲಿಂಕ್ ಕೊಟ್ಟರೆ ಅದು ಅವನಿಗೆ ಸಾಕ್ಷಿ. ಹತ್ತು ಬಾಡಿಗೆ ಬಾಯಿಗಿಂತ ಒಂದು ಮರ್ಯಾದಸ್ಥ ಬಾಯಿಗೆ ಅವನಲ್ಲಿ ಹೆಚ್ಚು ಬೆಲೆ.

ಅವಳಿಗಿದ್ದ ಅಂಥ ಬಾಯಿ ಒಂದೇ ಒಂದು: ಅರಭಾವಿಯ ಸುಮನ. ಸುತ್ತಲಿನ ಊರುಗಳ ಕೈಕೆಲಸದ ಬಗ್ಗೆ ಎಂಟು ವರ್ಷದಿಂದ ತನ್ನ ಸೈಟಿನಲ್ಲಿ ಬರೆಯುತ್ತಿದ್ದವಳು. ಪತ್ರಿಕೆಗಳೂ ಅವಳ ಬರಹಕ್ಕೆ ಲಿಂಕ್ ಕೊಡುತ್ತಿದ್ದವು. ಮಳೆಗಾಲದಲ್ಲಿ ತಾನೇ ಒಂದು ಕೌದಿ ಕೊಂಡು ಅದರ ಬಗ್ಗೆ ಬರೆದು ದಡ್ಡಿಯ ಸೈಟಿಗೆ ಲಿಂಕ್ ಹಾಕಿದ್ದಳು. ರಾಜ ತಲೆದೂಗಿದ್ದು ಆಗಲೇ.

ನಂದಾ ಆ ಬರಹವನ್ನು ತೆರೆದಳು. ಬರಹವಿತ್ತು, ತಮ್ಮ ಹೆಸರೂ ಇತ್ತು. ಹೆಸರನ್ನು ಒತ್ತಿದರೆ ಏನೂ ತೆರೆಯಲಿಲ್ಲ. ಲಿಂಕನ್ನು ಕಿತ್ತಿದ್ದರು.

ಯಾರ ಕೆಲಸವೆಂದು ಅವಳಿಗೆ ಆ ಕ್ಷಣವೇ ಹೊಳೆಯಿತು. ಮೂಡಲಗಿಯಲ್ಲಿ ಸೈಟು ಮಾಡಿಕೊಡುವ ಶುಭಮ್! “ನೂರು ಲಿಂಕ್ ಹಚ್ಚಿ ಕೊಡ್ತೀನ್ರಿ ಅಕ್ಕಾ, ಎಂಟ ದಿನದಾಗ ಮ್ಯಾಲ ಬರ್ತೀರಿ” ಎಂದು ಬಂದಿದ್ದ. ಬೇಡವೆಂದಾಗ, “ಒಂದ ಲಿಂಕಿನ ಮ್ಯಾಲ ಎಷ್ಟ ದಿನಾ ನಿಲ್ತೀರಿ, ನೋಡೋಣಂತ” ಎಂದು ನಕ್ಕು ಹೋಗಿದ್ದ. ಈಗ ಅವಳ ಜಾಗದಲ್ಲಿ ಕೂತಿದ್ದು ಅವನೇ ಮಾಡಿಕೊಟ್ಟ ಮಷೀನ್ ರಜಾಯಿಯ ಸೈಟು. ಮೂಡಲಗಿಗೂ ಅರಭಾವಿಗೂ ಎಷ್ಟು ದೂರ? ಸುಮನಳ ಬಾಯಿಯನ್ನೂ ಕೊಂಡಿರಬೇಕು.

“ಅತ್ತಿ, ನಾ ಅರಭಾವಿಗಿ ಹೋಗಿ ಆಕಿನ್ನ ಕೇಳಿ ಬರ್ತೀನಿ,” ಎಂದಳು.

ಅತ್ತೆ ಗೌರಕ್ಕ ಎದ್ದೇಬಿಟ್ಟಳು. “ನಾನೂ ಬರ್ತೀನಿ. ಆಕಿನ್ನ ನೋಡೂದೈತಿ.”

ಹುಕ್ಕೇರಿಯಲ್ಲಿ ಒಂದು ಬಸ್ಸು, ಗೋಕಾಕದಲ್ಲಿ ಇನ್ನೊಂದು. ದಾರಿಯುದ್ದಕ್ಕೂ ನಂದಾಳ ಅನುಮಾನ ಹಬ್ಬುತ್ತಲೇ ಹೋಯಿತು. ಗೋಕಾಕದ ನಿಲ್ದಾಣದಲ್ಲಿ ಮೊಬೈಲ್ ಹಿಡಿದು ನಿಂತ ಪ್ರತಿಯೊಬ್ಬನೂ ಶುಭಮ್‌ನಂತೆ ಕಂಡ. ಪಕ್ಕದಲ್ಲಿ ಅತ್ತೆ ಇಳಕಲ್ ಸೀರೆಯುಟ್ಟು, ಹಣೆತುಂಬ ಕುಂಕುಮವಿಟ್ಟು ಸಡಗರದಿಂದ ಕೂತಿದ್ದು ಇನ್ನೂ ವಿಚಿತ್ರವಾಗಿತ್ತು.

“ಜಗಳಕ್ಕ ಹೊಂಟೇವಿ ಅತ್ತಿ, ಮದವಿಗಲ್ಲ.”

“ಜಗಳಕ್ಕ ಹೋಗಾಕ ಬ್ಯಾರೆ ಸೀರಿ ಇರತೈತೇನ? ಸುಮ್ನ ಕುಂದ್ರು.”

ಸುಮನ ನಲವತ್ತರ ಹೆಂಗಸು. ಅಂಗಳದಲ್ಲಿ ಸಸಿಗೆ ಮಣ್ಣು ಏರಿಸುತ್ತಿದ್ದವಳು ಕೈ ತೊಳೆದು ಒಳಗೆ ಕರೆದಳು. ನಂದಾ ಚಾಪೆಯ ಮೇಲೆ ಸರಿಯಾಗಿ ಕೂರಲೂ ಇಲ್ಲ.

“ಶುಭಮ್ ನಿಮಗ ಏನ ಹೇಳಿದಾನ್ರಿ?”

“ಯಾವ ಶುಭಮ್ ರಿ?”

“ಗೊತ್ತಿಲ್ಲದವ್ರಂಗ ಮಾತಾಡಬ್ಯಾಡ್ರಿ. ಲಿಂಕ್ ಯಾಕ ಕಿತ್ತೀರಿ?”

ಸುಮನ ಬಾಯಿ ತೆರೆಯುವುದರೊಳಗೆ ಗೌರಕ್ಕ ಮುಂದೆ ಬಾಗಿದಳು. “ಅದಿರ್ಲಿ. ನಾ ಕಳಿಸಿದ ಆಯಾರ ಮುಟ್ಟಿತಿಲ್ಲವ್ವ?”

ಆಯಾರ? ಅತ್ತೆ ಈಕೆಗೆ ಉಡುಗೊರೆ ಕಳಿಸಿದ್ದು ಯಾವಾಗ? ನಂದಾ ಅತ್ತೆಯ ಕಡೆ ತಿರುಗಿದಳು. ಸುಮನ ಎದ್ದು ಕಪಾಟು ತೆರೆದಳು. ಒಳಗೆ ಹಸಿರು ಅಂಚಿನ ಹೊಸ ಕೌದಿ, ಅದರ ಮೇಲೆ ಅರಿಸಿನ ಹಚ್ಚಿದ ಕುಪ್ಪಸದ ಖಣ.

“ಇದಕ್ಕ ತಗದೇನ್ರಿ. ಯಾರಿಂದನೂ ಏನೂ ತಗೊಳ್ಳಂಗಿಲ್ಲಂತ ನನ್ನ ಸೈಟಿನ ನೆತ್ತಿ ಮ್ಯಾಲ ಬರದೇನಿ. ನಿಮಗ ಫೋನ್ ಮಾಡಿದ್ದೆ. ಈ ಅವ್ವಾರ ಎತ್ತಿ, ‘ನಮ್ಮ ಪದ್ಧತಿ ಐತಿ, ಇಟಗೋ’ ಅಂದ್ರು. ತಿರುಗಿ ಕಳಿಸಿದ್ರ ಹಿರೇರ ಮನಸಿಗಿ ಹತ್ತತೈತಿ. ಇಟಗೊಂಡು ಲಿಂಕ್ ಬಿಟ್ರ ಓದಾವ್ರಿಗೆ ಸುಳ್ಳ ಹೇಳಿದಂಗ.”

ನಂದಾಳ ಕಿವಿ ಬಿಸಿಯಾದವು. ಶುಭಮ್‌ನ ಮೇಲೆ ಕಟ್ಟಿದ ಕೋಟೆಯೆಲ್ಲ ಒಂದೇ ಉಸಿರಿಗೆ ಕುಸಿಯಿತು.

“ಅತ್ತಿ, ನನಗೊಂದ ಮಾತ ಹೇಳಬಾರದಿತ್ತ?”

“ಏನ ಹೇಳೂದು? ಒಬ್ರು ಸೀರಿ ಉಡಿಸಿದ್ರ ತಿರುಗಿ ಉಡಸ್ತೇವಿಲ್ಲ? ಈಕಿ ನಾಲ್ಕ ಮಂದಿಗಿ ನಮ್ಮ ಹೆಸರ ಹೇಳ್ಯಾಳ. ಬರಿಗೈಲೆ ಕುಂದ್ರಾಕ ನಾವೇನ ಮಂದಿ ಅಲ್ಲೇನ?”

“ಈಗ ಅದನ್ನ ತಿರುಗಿ ತಗೊಂಡು ಹೋಗೋಣ.”

“ಆಯಾರ ತಿರುಗಿ ತಗೊಂಡ್ರ ಸಂಬಂಧ ಹರಕೊಂಡಂಗ! ನನ್ನ ಕೈಲೆ ಆಗಂಗಿಲ್ಲ.” ಗೌರಕ್ಕ ಸೆರಗು ಬಿಗಿದು ಗೋಡೆಗೆ ಮುಖ ಮಾಡಿದಳು.

ನಂದಾ ಕುರುಡ ರಾಜನ ಕತೆ ಹೇಳಲು ಹೋಗಲಿಲ್ಲ. ಅತ್ತೆಯ ಎದುರು ಕುಕ್ಕರಗಾಲಿನಲ್ಲಿ ಕೂತಳು.

“ನಿಮ್ಮ ಮಗಳು ಕಾಜಲ್‌ನ ಮದವಿ ಮಾಡಿ ಕೊಡೂ ಮೊದಲ ಹುಡುಗನ ಊರಿಗಿ ಪತ್ತೆ ಮಾಡಾಕ ಹೋಗಿದ್ರಿಲ್ಲ, ಯಮಕನಮರಡಿಗಿ?”

“ಹೋಗಿದ್ನಿ. ಹಿಟ್ಟಿನ ಗಿರಣ್ಯಾಗ ಕುಂತ ಕೇಳಿದ್ನಿ.”

“ಸಂಬಂಧ ತಂದ ಉದ್ದಪ್ಪ ಕಾಕಾ ಹುಡುಗನ್ನ ಬಾಳ ಹೊಗಳಿದ್ರು. ಅವರ ಮಾತ ಯಾಕ ನಂಬಲಿಲ್ಲ ನೀವು?”

“ಯಾಕ ನಂಬೂದು? ಅಂವಾ ಮುಂಜಾನೆ ಅದ ಹುಡುಗನ ಮನ್ಯಾಗ ಉಂಡ ಬಂದಿದ್ದ! ಉಂಡ ಬಾಯಿ ಏನ…”

ಗೌರಕ್ಕನ ಮಾತು ಅಲ್ಲಿಗೇ ನಿಂತಿತು. ಕಪಾಟಿನೊಳಗಿನ ಕೌದಿಯನ್ನು ನೋಡಿದಳು, ಸುಮನಳನ್ನು ನೋಡಿದಳು.

“ಅಯ್ಯ ನನ್ನ ಶಿವನ. ಸಾಕ್ಷಿ ಹೇಳಾಕಿಗಿ ನಾನ ಉಣಿಸಿಬಿಟ್ನೆಲ್ಲ!”

ಎದ್ದವಳೇ ಕೌದಿಯನ್ನು ಸರಕ್ಕನೆ ಎಳೆದು ಬಗಲಿಗೆ ಹಾಕಿಕೊಂಡಳು. ಖಣವನ್ನೂ ಬಿಡಲಿಲ್ಲ. ಸುಮನ ನಗು ತಡೆದುಕೊಂಡು ಲ್ಯಾಪ್‌ಟಾಪ್ ತೆರೆದಳು. ನಂದಾಳ ಎದೆ ಹಗುರಾಗುವಷ್ಟರಲ್ಲಿ ಅವಳು ಕೈ ತಡೆದಳು.

“ಲಿಂಕ್ ಹಾಕ್ತೀನ್ರಿ. ಖರೆ, ಇನ್ನೊಂದ ಸಾಲು ಸೇರಸ್ಬೇಕು. ನಾ ತಗೊಂಡಿದ್ದ ಕೌದಿ ತೊಳದೆ. ಕೆಂಪ ಬಣ್ಣ ಬಿಡ್ತು, ಬಾಜೂಕಿನ ಬಿಳಿ ತುಂಡೆಲ್ಲಾ ಗುಲಾಬಿ ಆತು.”

ನಂದಾಳಿಗೆ ಮತ್ತೆ ಅನುಮಾನ ಮೂಡಿತು. ಇದೆಂಥ ಸಾಕ್ಷಿ? ಒಂದು ಕೈಯಲ್ಲಿ ಕೊಟ್ಟು ಇನ್ನೊಂದರಲ್ಲಿ ಕಸಿಯುವಂಥದ್ದು? “ಅದನ್ನ ಓದಿದ್ರ ಯಾರ ತಗೋತಾರ್ರಿ? ಈ ಒಂದ ಸಲ ಬಿಡ್ರಿ, ನಾ ಬಣ್ಣ ಸರಿ ಮಾಡಸ್ತೀನಿ.”

“ಬರೀಲಿ ಬಿಡು,” ಎಂದಳು ಗೌರಕ್ಕ. “ಹುಡುಗ ದುಡ್ಯಾಂವ, ಆದ್ರ ಸಿಟ್ಟ ಬಾಳ ಅಂತ ಗಿರಣಿಯಾಂವ ಅಂದ. ಅವನ ಮಾತ ನಂಬಿ ಕಾಜಲ್‌ನ ಕೊಟ್ಟೆ. ಸಿಟ್ಟ ಐತಿ ಖರೆ, ದುಡಿಯೂದೂ ಖರೆ.”

ಸುಮನ ಬರೆಯತೊಡಗಿದಳು. ನಂದಾ ಅವಳ ಹೆಗಲ ಹಿಂದೆ ಬಂದು ನಿಂತಳು. ತಮ್ಮ ಸೈಟಿನ ಹೆಸರು ಮತ್ತೆ ನೀಲಿಯಾಯಿತು. ಅದರ ಕೆಳಗೇ ಕೆಂಪು ಬಣ್ಣದ ದೂರು ಅಕ್ಷರ ಅಕ್ಷರವಾಗಿ ಮೂಡುತ್ತಿತ್ತು.

“ಎಷ್ಟ ಸಲ ತೊಳದ್ರಿ?” ಎಂದು ಕೇಳಿದಳು ನಂದಾ.

“ಮೂರು. ಮೂರನೇ ಸಲ ಬಣ್ಣ ಬಿಡಲಿಲ್ಲ.”

“ಹಂಗಾರ ಅದನ್ನೂ ಬರೀರಿ,” ಎಂದಳು ನಂದಾ.