ಸೀಲಿಲ್ಲದ ಡಬ್ಬ

ಇಂದ್ರೇಶ್ ಅವಸರ ಮಾಡದೇ ಇರುವುದೇ ಪ್ರತಿಮಾಗೆ ಅನುಮಾನ ತರಿಸಿತ್ತು. ಅರಸೀಕೆರೆ ಬಸ್‌ಸ್ಟ್ಯಾಂಡಿನ ಹಿಂದಿನ ಅವನ ಕಂಪ್ಯೂಟರ್ ಅಂಗಡಿಗೆ ಅವಳು ಹೊಸ ಕಂಪ್ಯೂಟರಿನ ಬಿಡಿಭಾಗ ಕೊಳ್ಳಲು ಬಂದು ಒಂದೂವರೆ ಗಂಟೆಯಾಗಿತ್ತು. ಎರಡು ಸಲ ಟೀ ತರಿಸಿದ್ದ. ಒಮ್ಮೆಯೂ ಗಡಿಯಾರದ ಕಡೆ ನೋಡಿರಲಿಲ್ಲ.

“ನೋಡಮ್ಮ, ಹಳೇ ಮಾದರಿ ಮದರ್‌ಬೋರ್ಡಿಗೆ ಎಂಟು ಕೋರಿನ ಪ್ರೊಸೆಸರ್ ಸಿಗ್ತದೆ. ಇವತ್ತಿಗೆ ಚೆನ್ನಾಗೇ ಓಡ್ತದೆ. ಆದ್ರೆ ಅದು ಅಲ್ಲಿಗೇ ನಿಂತೋಯ್ತು, ಮುಂದಿನವು ಆ ಬೋರ್ಡಿಗೆ ಕೂರಲ್ಲ. ಹೊಸದರಲ್ಲಿ ಈಗ ಆರು ಕೋರಿಂದು ಹಾಕ್ಕೋ. ಎರಡು ವರ್ಷ ಬಿಟ್ಟು ಅದನ್ನ ತೆಗೆದು ದೊಡ್ಡದು ಕೂರಿಸಿದ್ರಾಯ್ತು, ಬೋರ್ಡು ಅದೇ ಇರ್ತದೆ.”

“ನನ್ನ ಕೆಲಸಕ್ಕೆ ಕೋರು ಜಾಸ್ತಿ ಬೇಕಲ್ಲ, ಇಂದ್ರೇಶಣ್ಣ?”

“ಅದಕ್ಕಿಂತ ರ‍್ಯಾಮ್ ಜಾಸ್ತಿ ಬೇಕು. ಒಂಬೈನೂರು ಫೋಟೊ ಒಂದೇ ಸಲ ತಲೇಲಿ ಇಟ್ಕೋಬೇಕಲ್ಲ ಅದು.”

ಅವಳ ಕೆಲಸ ಅವನಿಗೆ ಗೊತ್ತಿತ್ತು. ಹಳೇಬೀಡಿನ ಗೋಡೆಯ ಒಂದೊಂದು ಶಿಲ್ಪದ ಫೋಟೊವನ್ನೂ ನೂರಾರು ಕೋನಗಳಿಂದ ತೆಗೆದು, ಪರದೆಯ ಮೇಲೆ ಸುತ್ತ ತಿರುಗಿಸಿ ನೋಡುವ ಹಾಗೆ ಜೋಡಿಸುವುದು. ಅವಳ ಹಳೇ ಲ್ಯಾಪ್‌ಟಾಪನ್ನು ಮೂರು ಸಲ ಬದುಕಿಸಿದವನೂ ಅವನೇ. ಗೆಳತಿ ಶರ್ಮಿಳಾಳ ಅಣ್ಣ. ಆದರೂ ಅವಳು ಮೂರು ವಿಡಿಯೊ ನೋಡಿ ಬಂದಿದ್ದಳು. ಒಂದು ಹಳೆಯದೇ ಸಾಕು ಎಂದಿತ್ತು, ಇನ್ನೊಂದು ಹೊಸದೇ ಬೇಕು ಎಂದಿತ್ತು, ಮೂರನೆಯದು ಬೇರೆ ಕಂಪನಿಯದನ್ನೇ ಹೊಗಳಿತ್ತು. ಮೂರರ ಕೊನೆಗೂ ಕೊಳ್ಳುವ ಲಿಂಕ್ ಇತ್ತು. ಇವನ ಮಾತಿನ ಕೊನೆಗೆ ಏನಿದೆ ಎಂದು ಅವಳು ಹುಡುಕುತ್ತಿದ್ದಳು.

ಕೊನೆಗೆ ಅವನು ಹೇಳಿದ್ದನ್ನೇ ಒಪ್ಪಿದಳು. ಜೋಡಿಸಲು ಮಾತ್ರ ಬಿಡಲಿಲ್ಲ.

“ನಾನೇ ಮನೇಲಿ ಜೋಡಿಸ್ತೀನಿ. ಈ ಬೋರ್ಡಿನ ಡಬ್ಬಕ್ಕೆ ಯಾಕೆ ಸೀಲಿಲ್ಲ?”

“ಪ್ರೊಸೆಸರ್ ಡಬ್ಬಕ್ಕೆ ಸೀಲಿರ್ತದೆ ಕಣಮ್ಮ, ಈ ಬೋರ್ಡು ಬರೋದೇ ಹಿಂಗೆ. ಬೇಕಾದ್ರೆ ಇಲ್ಲೇ ಬಿಚ್ಚಿ ತೋರಿಸ್ಲಾ?”

ನಂಬದವಳಂತೆ ಕಾಣುವುದು ಬೇಡವೆನಿಸಿ ಬೇಡ ಎಂದಳು. ಮನೆಗೆ ಬಂದ ಮೇಲೆ ಆ ಸಂಕೋಚಕ್ಕೇ ಸಿಟ್ಟು ಬಂತು. ಊಟಕ್ಕೆ ಕೂತಾಗ ಅಪ್ಪನ ಮುಂದೆ ಅಂದೇಬಿಟ್ಟಳು. “ಯಾರೋ ವಾಪಸ್ ಕೊಟ್ಟಿದ್ದನ್ನ ನನಗೆ ದಾಟಿಸಿದಾನೋ ಏನೋ.”

ಅಪ್ಪ ಚನ್ನಬಸವಯ್ಯ ಕೊಬ್ಬರಿ ಮಂಡಿಯವರು. ಮಗಳ ಮುಖ ಒಮ್ಮೆ ನೋಡಿ ಮುದ್ದೆ ಮುರಿದರು.

ಮಾರನೆಯ ದಿನ ಶನಿವಾರ. ಅವಳು ಜಾವಗಲ್ ದಾರಿಯ ಬಸ್ಸು ಹಿಡಿದು ಹಳೇಬೀಡಿಗೆ ಹೋಗಿ, ಬಿಸಿಲು ಏರುವ ಮುಂಚೆ ಉಳಿದ ಫೋಟೊ ಮುಗಿಸಿದಳು. ಭಾನುವಾರ ಬೆಳಿಗ್ಗೆ ನಡುಮನೆಯ ಮೇಜಿನ ಮೇಲೆ ಬಟ್ಟೆ ಹಾಸಿ ಬೋರ್ಡನ್ನು ಹೊರತೆಗೆದಳು. ಪ್ರೊಸೆಸರ್ ಕೂರುವ ಸಾಕೆಟ್ಟಿನಲ್ಲಿ ಕೂದಲಿಗಿಂತ ಸಣ್ಣ ಪಿನ್ನುಗಳು ಸಾಲಾಗಿ ಒಂದೇ ಸಮವಾಗಿ ನಿಂತಿರಬೇಕು. ನಟ್ಟನಡುವೆ, ಗಾಳಿಗೆ ಮಲಗಿದ ರಾಗಿ ಪೈರಿನ ಹಾಗೆ, ಒಂದಿಷ್ಟು ಪಿನ್ನು ಅಡ್ಡಡ್ಡ ಬಿದ್ದಿದ್ದವು.

ಅವಳಿಗೆ ಮೊದಲು ಆದದ್ದು ದುಃಖವಲ್ಲ, ಒಂಥರಾ ಸಮಾಧಾನ. ತಾನು ಅಂದುಕೊಂಡಿದ್ದೇ ಸರಿ.

ಡಬ್ಬ ಹಿಡಿದು ಅಂಗಡಿಗೆ ಹೋದಾಗ ಇಂದ್ರೇಶನ ಎದುರು ಏಕಾಂತಯ್ಯ ಮೇಷ್ಟ್ರು ಕೂತಿದ್ದರು. ಗಂಡಸಿ ಊರಿನ ಶಾಲೆಗೆ ಹನ್ನೆರಡು ಕಂಪ್ಯೂಟರ್ ಬೇಕೆಂದು ಪಟ್ಟಿ ಬರೆಸುತ್ತಿದ್ದರು. ಪ್ರತಿಮಾ ಕಾಯಲಿಲ್ಲ.

“ಸೀಲಿಲ್ಲದ ಡಬ್ಬ ಯಾಕೆ ಕೊಟ್ರಿ ಅಂತ ಈಗ ಗೊತ್ತಾಯ್ತು. ಯಾರು ಹಾಳು ಮಾಡಿ ವಾಪಸ್ ಕೊಟ್ಟಿದ್ದು ಇದು?”

ಇಂದ್ರೇಶ್ ಭೂತಗನ್ನಡಿ ಹಿಡಿದು ನೋಡಿದ. ಬಹಳ ಹೊತ್ತು ನೋಡಿದ.

“ಮನೇಲಿ ಯಾರಾದ್ರೂ ಮುಟ್ಟಿದ್ರಾ?”

“ಯಾರೂ ಮುಟ್ಟಿಲ್ಲ.”

“ಸರಿ ಹಾಗಾದ್ರೆ. ನೀನು ಹೇಳಿದ್ಮೇಲೆ ಮುಗೀತು.” ಬೋರ್ಡನ್ನು ಮೆಲ್ಲಗೆ ಡಬ್ಬದಲ್ಲಿಟ್ಟ. “ಪಿನ್ ಬಾಗಿದ್ದನ್ನ ಕಂಪನಿಯೋರು ತಗೊಳ್ಳಲ್ಲ. ಇರ್ಲಿ, ಅದು ನನ್ನ ತಲೆನೋವು. ಬುಧವಾರ ಬೇರೇದು ತರಿಸ್ತೀನಿ.”

ಮೇಷ್ಟ್ರು ಪಟ್ಟಿಯನ್ನು ನಾಲ್ಕಾಗಿ ಮಡಚಿ ಜೇಬಿಗಿಟ್ಟುಕೊಂಡರು. “ಬತ್ತೀನಿ ಇಂದ್ರೇಶ. ಹೆಡ್‌ಮಾಸ್ಟರನ್ನೂ ಒಂದ್ಮಾತು ಕೇಳ್ಬೇಕು.”

ಮನೆಯತ್ತ ನಡೆಯುವಾಗ ಅವಳಿಗೆ ಅವನು ಅಷ್ಟು ಸುಲಭವಾಗಿ ಒಪ್ಪಿದ್ದೂ ಅನುಮಾನವೇ ಆಯಿತು. ತಪ್ಪಿಲ್ಲದವನು ಜಗಳ ಆಡುತ್ತಿರಲಿಲ್ಲವೇ?

ಅಪ್ಪ ಜಗುಲಿಯ ಮೇಲೆ ಮಾದರಿಗೆಂದು ತಂದ ಕೊಬ್ಬರಿ ಸುರಿದುಕೊಂಡಿದ್ದರು. ಒಂದು ಉಂಡೆಯನ್ನು ಕಿವಿಯ ಹತ್ತಿರ ಅಲ್ಲಾಡಿಸಿದರು, ಇನ್ನೊಂದನ್ನು ಹೋಳು ಮಾಡಿ ಒಳಗಿನ ಬಿಳಿಗೆ ಹೆಬ್ಬೆರಳಿಟ್ಟು ಒತ್ತಿದರು. ಒಣಗಿದೆಯೋ ಹಸಿಯಿದೆಯೋ ಅವರ ಹೆಬ್ಬೆರಳೇ ಹೇಳಬೇಕು. ಬಿಚ್ಚಿ ಒತ್ತಿ ನೋಡದೆ ಅವರು ಯಾರ ಮೂಟೆಯನ್ನೂ ಒಪ್ಪಿದವರಲ್ಲ.

ಪ್ರತಿಮಾ ಆ ಹೆಬ್ಬೆರಳನ್ನೇ ನೋಡುತ್ತಾ ನಿಂತಳು.

“ಅಪ್ಪಾಜಿ, ಆ ಡಬ್ಬ ಬಿಚ್ಚಿದ್ರಾ?”

“ನೋಡ್ದೆ ಕಣವ್ವ, ಶನಿವಾರ. ನೀನೇ ಅಂದ್ಯಲ್ಲ, ಹಳೇದೋ ಏನೋ ಅಂತ. ನಡುವೆ ಒಂದು ಕರೀ ಮುಚ್ಚಳ ಇತ್ತು, ಎತ್ತಿ ಒತ್ತಿ ನೋಡ್ದೆ. ಬ್ರಷ್ ಚುಚ್ಚಿದಂಗೆ ಚುಚ್ತು. ಒಣಗಿದ್ಯೋ ಹಸೀನೋ, ಏನೂ ಗೊತ್ತಾಗ್ಲಿಲ್ಲ. ಮುಚ್ಚಿಟ್ಟೆ.”

“ನನಗೆ ಹೇಳ್ಬಾರ್ದಾಗಿತ್ತಾ?”

“ನೀನು ಕೇಳಿದ್ಯಾ?”

ಅವರು ಇನ್ನೊಂದು ಉಂಡೆ ತೆಗೆದುಕೊಂಡರು. ಅಪ್ಪ ಒತ್ತಿದ್ದು ಅವಳ ಅನುಮಾನವನ್ನೇ.

ಸುಮ್ಮನಿದ್ದರೆ ಬುಧವಾರ ಹೊಸ ಬೋರ್ಡು ಬರುತ್ತದೆ. ಇಂದ್ರೇಶ್ ಇನ್ನೊಮ್ಮೆ ಕೇಳುವುದಿಲ್ಲ. ಸೋಮವಾರವಿಡೀ ಅವಳು ಹಾಗೇ ಸುಮ್ಮನಿದ್ದಳು. ಆದರೆ ಆ ಮೌನದೊಳಗೆ ಹೆಚ್ಚು ಹೊತ್ತು ಕೂರಲು ಆಗಲಿಲ್ಲ. ಮಂಗಳವಾರ ಬೆಳಿಗ್ಗೆ ಅಂಗಡಿಯ ಬಾಗಿಲು ಎತ್ತುವ ಹೊತ್ತಿಗೆ ಹೋಗಿ ನಿಂತಳು.

“ಇಂದ್ರೇಶಣ್ಣ, ತಪ್ಪು ನಮ್ಮದೇ. ಅಪ್ಪಾಜಿ ಕೊಬ್ಬರಿ ಒತ್ತಿ ನೋಡೋ ಹಾಗೆ ಒತ್ತಿದಾರೆ. ನಾನು ಕೇಳದೇನೇ ಯಾರೂ ಮುಟ್ಟಿಲ್ಲ ಅಂದೆ. ಹೊಸ ಬೋರ್ಡಿನ ದುಡ್ಡು ನಾನೇ ಕೊಡ್ತೀನಿ. ಏಕಾಂತಯ್ಯ ಮೇಷ್ಟ್ರಿಗೂ ನಾನೇ ಹೋಗಿ ಹೇಳ್ತೀನಿ.”

ಅವನು ನಗಲಿಲ್ಲ, ರೇಗಲೂ ಇಲ್ಲ. ಒರಸುತ್ತಿದ್ದ ಕೌಂಟರನ್ನು ಪೂರ್ತಿ ಒರಸಿದ.

“ಹೇಳು. ಆದ್ರೆ ಅವರು ನಿನ್ನೆ ಹಾಸನದಲ್ಲಿ ಆರ್ಡರ್ ಕೊಟ್ಟಾಯ್ತಂತೆ.”

ಬುಧವಾರ ಡಬ್ಬ ಬಂತು. ಅದಕ್ಕೂ ಸೀಲಿರಲಿಲ್ಲ. ಇಂದ್ರೇಶ್ ಅದನ್ನು ಅವಳ ಮುಂದೆ ಬಿಚ್ಚಿದ, ಕರೀ ಮುಚ್ಚಳ ಎತ್ತಿದ, ದೀಪ ಹತ್ತಿರ ತಂದ.

“ನೋಡ್ಕೊಳ್ಳಿ. ಎಲ್ಲಾ ಪಿನ್ನೂ ನೆಟ್ಟಗಿವೆಯಾ?”

ಅವನು ಅವಳನ್ನು ಬಹುವಚನದಲ್ಲಿ ಮಾತಾಡಿಸಿದ್ದು ಇದೇ ಮೊದಲು. “ನೆಟ್ಟಗಿವೆ” ಎಂದಳು.

“ಡಬ್ಬದ ಪಕ್ಕ ಕೈ ಇಡಿ. ಒಂದು ಫೋಟೊ ತಗೋತೀನಿ.”

ಮೊದಲ ದಿನ ಅವಳಿಗೆ ಬೇಕಾಗಿದ್ದು ಇದೇ, ಎಲ್ಲವೂ ಕಣ್ಣೆದುರಿಗೆ, ಸಾಕ್ಷಿಯ ಸಮೇತ. ಅವಳು ಕೈ ಇಟ್ಟಳು. ಅವನು ಎರಡು ಸಲ ಫೋಟೊ ತೆಗೆದ, ಹಿಗ್ಗಿಸಿ ನೋಡಿದ, ಸಾಲದೆಂದು ಇನ್ನೊಂದು ತೆಗೆದ. ಅಷ್ಟೂ ಹೊತ್ತು ಅವಳು ಕೈಯನ್ನು ಅಲ್ಲಾಡಿಸಲಿಲ್ಲ. ಈ ಸಲ ಟೀ ಬರಲಿಲ್ಲ.