ಪಾದಕ್ಕೆ ಕಟ್ಟಿದ ಬೆಳ್ಳಿ

ಹೆಬ್ಬಳ್ಳಿಯ ಆ ಓಣಿಯಲ್ಲಿ ಯಾರಿಗೆ ಕೆಮ್ಮು ಬರಲಿ, ಮೈ ಬಿಸಿಯಾಗಲಿ, ಕುರು ಏಳಲಿ, ಮೊದಲು ನೆನಪಾಗುತ್ತಿದ್ದುದು ಶರಣವ್ವನ ಸ್ಟೀಲಿನ ಡಬ್ಬಿ. ಡಾಕ್ಟರು ಏಳು ದಿನಕ್ಕೆಂದು ಬರೆದುಕೊಟ್ಟ ಗುಳಿಗೆ, ಎರಡೇ ದಿನಕ್ಕೆ ಆರಾಮಾದರೆ ಉಳಿದದ್ದು ಆ ಡಬ್ಬಿಗೆ ಬಂದು ಬೀಳುತ್ತಿತ್ತು. ಬೇಕಾದವರು ಬಂದು ಒಯ್ಯುತ್ತಿದ್ದರು. ಶರಣವ್ವ ಅದಕ್ಕೆ ಗುಳಿಗೆಯ ದಾಸೋಹ ಎಂದೇ ಹೆಸರಿಟ್ಟಿದ್ದಳು. ತಟ್ಟೆಯಲ್ಲಿ ಒಂದು ಅಗುಳು ಬಿಡಬಾರದೆಂದು ಬೆಳೆದ ಜೀವಕ್ಕೆ ಔಷಧ ಚೆಲ್ಲಲು ಮನಸ್ಸಾದರೂ ಹೇಗೆ ಬಂದೀತು? ಕೆಂಪು-ಹಳದಿ ಗುಳಿಗೆ ಕುರುವಿಗೆ, ಉದ್ದನೆಯ ಬಿಳಿಯದು ಗಂಟಲಿಗೆ, ಹೀಗೆ ಬಣ್ಣ ನೋಡಿಯೇ ಕೊಡುತ್ತಿದ್ದಳು. ಡಾಕ್ಟರಿಕೆ ಓದದಿದ್ದರೂ ಧೈರ್ಯಕ್ಕೇನೂ ಕಡಿಮೆ ಇರಲಿಲ್ಲ.

ಆಕೆಯ ಗಂಡ ಮಹಾಂತಯ್ಯ ಊರಿನ ಅಯ್ನೋರು. ಕೂಸಿಗೆ ಹೆಸರಿಡುವುದರಿಂದ ಹಿಡಿದು ಹೊಸ ಮನೆಯ ಪೂಜೆಯವರೆಗೆ ಅವರೇ ಬೇಕು. ಹೋದಲ್ಲೆಲ್ಲ ಮಂದಿ ಅವರ ಪಾದಕ್ಕೆ ನೀರೆರೆದು, ವಿಭೂತಿ ಹಚ್ಚಿ, ಹೂವೇರಿಸಿ ಕೈ ಮುಗಿಯುತ್ತಿದ್ದರು. ಅವರು ಕಾಲಿಗೆ ಚಪ್ಪಲಿ ಮೆಟ್ಟಿದವರೇ ಅಲ್ಲ. ಹತ್ತು ವರ್ಷದ ಶುಗರಿನಿಂದ ಆ ಪಾದ ಜೋಮು ಹಿಡಿದಿತ್ತು. ಜಾಲಿಮುಳ್ಳು ಚುಚ್ಚಿ ಒಳಗೇ ಮುರಿದದ್ದು ಅವರಿಗೆ ತಿಳಿಯಲೇ ಇಲ್ಲ.

ಕೀವು ಕಂಡ ದಿನ ಶರಣವ್ವ ಕೆಂಪು-ಹಳದಿ ಗುಳಿಗೆ ಕೊಟ್ಟಳು. ಮೂರು ದಿನಕ್ಕೆ ಕೀವು ಕಡಿಮೆಯಾಯಿತು, ನಿಲ್ಲಿಸಿದಳು. ಮತ್ತೆ ಬಂತು, ಬಿಳಿಯದು ಕೊಟ್ಟಳು. ಅದೂ ನಾಲ್ಕು ದಿನ. ಹೀಗೇ ಕೊಡುತ್ತಾ, ನಿಲ್ಲಿಸುತ್ತಾ ವಾರಗಳು ಉರುಳಿದವು. ಈ ನಡುವೆ ಮನೆಮನೆಯ ಪಾದಪೂಜೆಯಲ್ಲಿ ಗಾಯ ದಿನವೂ ತೋಯುತ್ತಿತ್ತು. ಬ್ಯಾಡ ಅನ್ನಲು ಮಹಾಂತಯ್ಯನವರಿಗೆ ಬಾಯಿ ಬರಲಿಲ್ಲ.

ಶುಗರ್ ನೋಡಲೆಂದು ಬಂದ ಆಶಾ ಕಾರ್ಯಕರ್ತೆ ಭಾಗ್ಯಶ್ರೀ ಆ ಕಾಲು ನೋಡಿ ಅಲ್ಲೇ ಕುಕ್ಕರಿಸಿದಳು.

“ದೊಡ್ಡವ್ವ, ಅಯ್ಯಾರ ಕಿರಿಬೆರಳು ಕರ್ರಗ ಆಗೇತಿ. ಇವತ್ತ ಧಾರವಾಡಕ್ಕ ಹೋಗೂಣು.”

“ಗುಳಿಗಿ ಕೊಡಾಕತ್ತೇನಲ್ಲವಾ. ಇನ್ನ ನಾಕ ದಿನ ನೋಡೂಣು.”

“ಎಷ್ಟ ದಿನದಿಂದ ಕೊಡಾಕತ್ತೀರಿ?”

ಶರಣವ್ವ ಬೆರಳು ಮಡಚಿ ಲೆಕ್ಕ ಹಾಕಿದಳು. ಎರಡೂ ಕೈಯ ಬೆರಳು ಮುಗಿದರೂ ವಾರಗಳು ಮುಗಿಯಲಿಲ್ಲ. ಆಕೆ ಧಾರವಾಡಕ್ಕೆಂದು ಸೀರೆ ಬದಲಿಸಲು ಒಳಗೆ ಹೋದಳು.

ಆಸ್ಪತ್ರೆಯ ಡಾಕ್ಟರ್ ಬಸವಪ್ರಭು ಮಾತನ್ನು ಸುತ್ತುಬಳಸಿ ಆಡುವವರಲ್ಲ. “ಕಿರಿಬೆರಳು ಉಳಿಯೂದಿಲ್ಲರಿ. ಈಗ ಪಾದ ಉಳಸೂ ಮಾತು. ಈ ನಂಜು ಮ್ಯಾಲೆ ಏರಿದ್ರ ಮೊಣಕಾಲಿನ ಕೆಳಗ ತಗೀಬೇಕಾದೀತು,” ಎಂದರು. ಬೆರಳು ತೆಗೆದು, ಗಾಯ ಶುಚಿ ಮಾಡಿ, ಒಂದಿಷ್ಟು ಕೀವನ್ನು ಪರೀಕ್ಷೆಗೆ ಕಳಿಸಿದರು.

“ಪಾದನ ಹೋದ್ರ ನಾ ಯಾರ ಮನಿಗೆ ಹ್ಯಾಂಗ ಹೋಗ್ಲಿ?” ಎಂದು ಮಹಾಂತಯ್ಯ ಗೋಡೆಗೆ ಮುಖ ತಿರುಗಿಸಿದರು. ನಲವತ್ತು ವರ್ಷದ ಸಂಸಾರದಲ್ಲಿ ಶರಣವ್ವ ಆ ದನಿ ಕೇಳಿರಲಿಲ್ಲ.

ಮೂರನೇ ದಿನ ಡಾಕ್ಟರು ಶರಣವ್ವ, ಭಾಗ್ಯಶ್ರೀ ಇಬ್ಬರನ್ನೂ ಪ್ರಯೋಗಾಲಯಕ್ಕೆ ಕರೆದರು. ಮೇಜಿನ ಮೇಲೆ ಅಂಗೈಯಗಲದ ಒಂದು ಮುಚ್ಚಿದ ತಟ್ಟೆ. ಅದರೊಳಗೆ ತೆಳ್ಳನೆಯ ಹಳದಿ ಪೊರೆ, ಪೊರೆಯ ಮೇಲೆ ಅಲ್ಲಲ್ಲಿ ಕುಂಕುಮದ ಬೊಟ್ಟಿನಷ್ಟು ಬಿಳಿ ಕಾಗದದ ಚೂರುಗಳು.

“ಈ ಹಳದಿ ಪೊರಿ ಅಂದ್ರ ಅಯ್ಯಾರ ಗಾಯದಾಗಿನ ರೋಗಾಣು. ಕೋಟಿಗಟ್ಟಲೆ ಅದಾವು. ಒಂದೊಂದು ಕಾಗದಕ್ಕ ಒಂದೊಂದು ಔಷಧ ಹಾಕೇವಿ. ಔಷಧ ತಾಕಿದ್ರ ಅದರ ಸುತ್ತ ರೋಗಾಣು ಬೆಳಿಯೂದಿಲ್ಲ, ಬಳಿಯಂಗ ಖಾಲಿ ಜಾಗಾ ಬೀಳತೈತಿ. ನೋಡ್ರಿ.”

ಶರಣವ್ವ ಕನ್ನಡಕ ಏರಿಸಿ ಬಗ್ಗಿದಳು. ಒಂದೇ ಒಂದು ಕಾಗದದ ಸುತ್ತ ಖಾಲಿ ಜಾಗವಿತ್ತು. ಉಳಿದವುಗಳ ಅಂಚಿನವರೆಗೂ ಪೊರೆ ಬೆಳೆದು ನಿಂತಿತ್ತು. ಭಾಗ್ಯಶ್ರೀ ಔಷಧಗಳ ಹೆಸರು ಓದುತ್ತಾ, ಪೊರೆ ಮುತ್ತಿದ್ದ ಎರಡು ಕಾಗದ ತೋರಿಸಿ ಮೆಲ್ಲಗೆ ಹೇಳಿದಳು, “ಇದು ನಿಮ್ಮ ಕೆಂಪು-ಹಳದೀದು, ದೊಡ್ಡವ್ವ. ಇದು ಆ ಬಿಳೀದು.”

“ನನ್ನ ಗುಳಿಗಿ ಉಂಡು ಇವು ಬೆಳದಾವೇನ್ರಿ?”

“ಹಂಗಲ್ಲರಿ. ಅರ್ಧಾಮರ್ಧಾ ಔಷಧ ಕೊಟ್ರ ಬಲ ಇಲ್ಲದ ರೋಗಾಣು ಸಾಯ್ತಾವು, ಗಟ್ಟಿ ಇದ್ದವು ಉಳೀತಾವು. ಉಳದವು ಮರಿ ಹಾಕ್ತಾವು, ಆ ಮರಿಗೋಳೂ ಗಟ್ಟಿನ. ಯಾವ ರೋಗಕ್ಕ ಯಾವ ಗುಳಿಗಿ ಅಂತ ತಿಳೀದ ಕೊಟ್ರೂ ಇದ ಹಣೇಬಾರ.”

ಪುಣ್ಯದ ಕೆಲಸವೆಂದು ತಾನು ಮಾಡಿಕೊಂಡು ಬಂದದ್ದು ಆ ತಟ್ಟೆಯಲ್ಲಿ ಹೀಗೆ ಕೂತದ್ದನ್ನು ಶರಣವ್ವ ಕಂಡಳು. ತಪ್ಪು ತನ್ನದೇ ಎಂದು ಆಕೆಗೆ ಯಾರೂ ಹೇಳಬೇಕಾಗಲಿಲ್ಲ. ಮರುದಿನ ಭಾಗ್ಯಶ್ರೀಯ ಕೈಯಲ್ಲಿ ಡಬ್ಬಿ ತರಿಸಿ, ಅದರಲ್ಲಿದ್ದುದನ್ನೆಲ್ಲ ನಾಶ ಮಾಡಿರೆಂದು ಆಸ್ಪತ್ರೆಗೇ ಒಪ್ಪಿಸಿಬಿಟ್ಟಳು.

ತಾಕುವ ಆ ಒಂದು ಔಷಧವನ್ನು ರಕ್ತನಾಳಕ್ಕೆ ಕೊಡತೊಡಗಿದರು. “ಆದ್ರ ಶುಗರಿನವರ ಪಾದಕ್ಕ ರಕ್ತ ಹರಿಯೂದ ಕಡಿಮಿ. ಔಷಧಾನೂ ಅಲ್ಲಿಗೆ ಪೂರಾ ಮುಟ್ಟೂದಿಲ್ಲ. ಅದಕ್ಕ ಗಾಯದ ಮ್ಯಾಲೆ ಇದನ್ನ ಕಟ್ಟತೇವಿ,” ಎಂದು ಡಾಕ್ಟರು ಬೂದು-ನೀಲಿ ಬಣ್ಣದ ಪಟ್ಟಿಯೊಂದನ್ನು ಬಿಚ್ಚಿದರು. “ಇದರ ತುಂಬ ಬೆಳ್ಳಿ ಐತಿ. ನ್ಯಾನೋ ಬೆಳ್ಳಿ.”

ಬೆಳ್ಳಿ ಎಂದದ್ದೇ ತಡ, ಮಹಾಂತಯ್ಯ ಕಾಲು ಹಿಂದಕ್ಕೆ ಎಳೆದುಕೊಂಡರು. ಅವರ ಕೈ ಎದೆಯ ಮೇಲಿನ ಇಷ್ಟಲಿಂಗದ ಬೆಳ್ಳಿಯ ಕರಡಿಗೆಯನ್ನು ಹಿಡಿದಿತ್ತು. “ಇದು ಲಿಂಗಕ್ಕ ಮನಿ ಆದ ಬೆಳ್ಳಿ, ಡಾಕ್ಟರ. ಇದನ್ನ ಕೀವು ಸೋರೂ ಕಾಲಿಗೆ ಸುತ್ತೂದು? ಬ್ಯಾಡ. ಬ್ಯಾರೆ ಏನರ ಕಟ್ಟ್ರಿ.”

ಆಗ ಶರಣವ್ವ ಸೀರೆಯ ನೆರಿಗೆ ತುಸು ಎತ್ತಿ ತನ್ನ ಕಾಲು ಮುಂದಿಟ್ಟಳು.

“ಈ ಕಾಲುಂಗರ ಏನ್ ಕಬ್ಬಿಣದ್ದೇನ್ರಿ? ಲಗ್ನದಾಗ ಹಾಕಿದ್ದು, ಇವತ್ತಿನ ತನಕ ತಗದಿಲ್ಲ. ನನ್ನ ಕಾಲಿಗೆ ಆಗೂ ಬೆಳ್ಳಿ ನಿಮ್ಮ ಪಾದಕ್ಕ ಆಗೂದಿಲ್ಲ? ನನ್ನ ತಪ್ಪಿಗೆ ಒಂದ ಬೆರಳು ಹೋತು. ನಿಮ್ಮ ಹಟಕ್ಕ ಪಾದ ಹೋಗೂದು ಬ್ಯಾಡ.”

ಮಹಾಂತಯ್ಯ ಆ ಕಾಲುಂಗುರವನ್ನು ನೋಡಿದರು. ಆಮೇಲೆ ಕಾಲು ಚಾಚಿದರು.

ಪಟ್ಟಿ ಕಟ್ಟುವುದನ್ನೇ ನೋಡುತ್ತಿದ್ದ ಶರಣವ್ವನ ತಲೆಗೆ ಹೊಸ ವಿಚಾರ ಬಂತು. ಆ ತಲೆ ಸುಮ್ಮನಿರುವ ತಲೆಯಲ್ಲ. “ಹಂಗಾರ ಮನ್ಯಾಗಿನ ಬೆಳ್ಳಿ ಬಟ್ಟಲಾ ತೇಯ್ದು ಹಚ್ಚಿದ್ರೂ ನಡದೀತೇನ್ರಿ?”

“ಅದನ್ನ ಮಾತ್ರ ಮಾಡಬ್ಯಾಡ್ರಿ, ಗಾಯ ಇನ್ನಷ್ಟು ಕೆಡತೈತಿ,” ಎಂದು ಡಾಕ್ಟರು ನಕ್ಕರು. “ನೀವು ತೇಯ್ದ ಪುಡಿ ಇದರ ಮುಂದ ಗುಡ್ಡ. ಒಂದ ಕೂದಲೆಳಿ ಅಗಲದಾಗ ಈ ಕಣ ಸಾವಿರಾರು ಸಾಲಾಗಿ ನಿಂದ್ರತಾವು. ಬೆಲ್ಲದ ಹೆಂಟಿ ಹಾಲಾಗ ಹಾಕಿದ್ರ ಲಗೂ ಕರಗೂದಿಲ್ಲ, ಪುಡಿ ಹಾಕಿದ್ರ ಕರಗತೈತಿ. ಹಂಗ, ಸಣ್ಣ ಆದಷ್ಟೂ ಬೆಳ್ಳಿ ಚುರುಕಾಗತೈತಿ. ಗುಳಿಗಿ ಬಹಳ ಮಾಡಿ ರೋಗಾಣುವಿಗೆ ಒಂದ ಕಡೆ ಹೊಡೀತೈತಿ, ಅದು ಆ ಒಂದ ಬಾಗಲಾ ಹಾಕ್ಕೊಂಡು ಕುಂತಬಿಡತೈತಿ. ಬೆಳ್ಳಿ ಹಂಗಲ್ಲ. ಹೊರಗಿನ ಗ್ವಾಡಿನೂ ಒಡೀತೈತಿ, ಒಳಗ ಹೊಕ್ಕು ಅದರ ಕೆಲಸಾನೂ ಕೆಡಸತೈತಿ.”

“ಹಂಗಾರ ಇದಕ್ಕ ಸೋಲ ಇಲ್ಲ ಅನ್ರಿ.”

“ಹಂಗ ಅನ್ನಬ್ಯಾಡ್ರಿ. ಬೇಕಾಬಿಟ್ಟಿ ಬಳಸಿದ್ರ ಇದನ್ನೂ ರೋಗಾಣು ಕಲಿತೀತು. ಎಲ್ಲಾ ಗಾಯಕ್ಕೂ ಇದು ಬೇಕಾಗೂದಿಲ್ಲ. ಇಂಥಾ ಹೊಸ ಹೊಸ ನ್ಯಾನೋ ಔಷಧದ ಶೋಧ ನಡದೈತಿ, ಖರೇ. ಅವು ಬರೂ ತನಕ ಇದ್ದ ಔಷಧ ನಾವು ಕಾಯ್ಕೋಬೇಕು.”

ಕೆಲವು ದಿನಕ್ಕೊಮ್ಮೆ ಪಟ್ಟಿ ಬದಲಾಯಿತು. ಪ್ರತಿ ಸಲ ಬಿಚ್ಚುವಾಗಲೂ ಶರಣವ್ವ ಕನ್ನಡಕ ಏರಿಸಿ ಬಗ್ಗುತ್ತಿದ್ದಳು. ಮೊದಲು ವಾಸನೆ ಹೋಯಿತು. ಆಮೇಲೆ ಕೀವು ನಿಂತಿತು. ಎರಡು ವಾರದ ಮೇಲೆ ಒಂದು ಮುಂಜಾನೆ ಪಟ್ಟಿ ಸರಿಸಿದಾಗ, ಕರ್ರಗಿದ್ದ ಜಾಗದಲ್ಲಿ ಹೊಸ ಮಾಂಸ ಕೂಸಿನ ತುಟಿಯ ಹಾಗೆ ಕೆಂಪಗೆ ಕಂಡಿತು. ಕಣ್ಣಿಗೆ ಕಾಣದ ಬೆಳ್ಳಿ, ಕಣ್ಣಿಗೆ ಕಾಣದ ರೋಗದ ಜೊತೆ, ತನ್ನ ಗಂಡನ ಅಂಗಾಲಿನಲ್ಲಿ ಹಗಲೂ ರಾತ್ರಿ ಕಾದಾಡಿತ್ತು. ಶರಣವ್ವ ಬೆರಗಾಗಿ ಕೂತಳು. ಆಕೆಯ ಕೈಗಳು ತಾವಾಗಿ ಮುಗಿದುಕೊಂಡವು. ಡಾಕ್ಟರಿಗೋ, ಬೆಳ್ಳಿಗೋ, ಅದನ್ನು ಅಷ್ಟು ಸಣ್ಣದು ಮಾಡಿದ ಮನುಷ್ಯನ ಬುದ್ಧಿಗೋ, ಆಕೆಗೇ ತಿಳಿಯಲಿಲ್ಲ.

ಪಾದ ಉಳಿಯಿತು. ಮಹಾಂತಯ್ಯ ಮೆತ್ತನೆಯ ಬೂಟು ಹಾಕಿಕೊಂಡು ಊರಿಗೆ ಬಂದರು.

ಮುಂದಿನ ಸೋಮವಾರ ಸ್ವಸಹಾಯ ಸಂಘದ ಸಭೆಯಲ್ಲಿ ಶರಣವ್ವ ಎದ್ದು ನಿಂತು, ತಾನು ಮಾಡಿದ್ದನ್ನೆಲ್ಲ ಮುಚ್ಚುಮರೆಯಿಲ್ಲದೆ ಹೇಳಿದಳು. ಪಕ್ಕದ ಮನೆಯ ಶರೀಫಾಬಿಗೆ ಸಮಾಧಾನವಾಗಲಿಲ್ಲ. “ನನ್ನ ಮೊಮ್ಮಗಳಿಗೆ ಕಿವಿ ಸೋರಾಕತ್ತೈತಿ. ನಿನ್ನ ಗುಳಿಗಿ ನಂಬಕೊಂಡು ಬಂದೇನಿ. ಒಂದೆರಡರಾಗ ಏನ ಆಗತೈತಿ ಶರಣವ್ವ?”

ಬಾಗಿಲ ಬಳಿ ಕೂತಿದ್ದ ಮಹಾಂತಯ್ಯ ಬೂಟು ಬಿಚ್ಚಿ ಕಾಲನ್ನು ಬೆಂಚಿನ ಮೇಲಿಟ್ಟರು. ಹೆಂಗಸರೆಲ್ಲ ರೂಢಿಯಂತೆ ಕೈ ಮುಗಿಯಲು ಹೋದರು.

“ಕೈ ಮುಗೀಬ್ಯಾಡ್ರಿ. ಬೆರಳ ಎಣಸ್ರಿ,” ಎಂದರು ಅವರು.

ಶರೀಫಾಬಿ ಎಣಿಸಿದಳು. “ನಾಕ.”

“ನಮ್ಮ ಮನ್ಯಾಗೂ ಒಂದೆರಡ ಗುಳಿಗಿ ಅಂತನ ಸುರು ಆಗಿತ್ತವಾ. ಕೂಸಿನ್ನ ಈಗ ಡಾಕ್ಟರ ಕಡೆ ಕರಕೊಂಡ ಹೋಗು.”

ಶರೀಫಾಬಿ ಸೆರಗು ಸರಿಮಾಡಿಕೊಂಡು ಎದ್ದಳು. ಭಾಗ್ಯಶ್ರೀ ಆಕೆಯ ಜೊತೆ ನಡೆದಳು.

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಮನೆಯ ಗೋಡೆಗೂಡಿನಲ್ಲೂ ಅರ್ಧ ಖಾಲಿಯಾದ ಗುಳಿಗೆಯ ಪೊಟ್ಟಣ ಇದ್ದೀತು. ಅದನ್ನು ಯಾರಿಗೂ ಕೊಡಬೇಡಿ, ಯಾರಿಂದಲೂ ಇಸಿದುಕೊಳ್ಳಬೇಡಿ. ರೋಗಾಣು ಕೊಲ್ಲುವ ಔಷಧವನ್ನು ಡಾಕ್ಟರು ಬರೆದರಷ್ಟೇ ನುಂಗಿ, ಹೇಳಿದಷ್ಟು ದಿನ ನುಂಗಿ. ಶುಗರ್ ಇದ್ದವರು ದಿನಕ್ಕೊಮ್ಮೆ ಅಂಗಾಲು ನೋಡಿಕೊಳ್ಳಿ, ಗಾಯ ಕಂಡ ದಿನವೇ ಆಸ್ಪತ್ರೆಗೆ ಹೋಗಿ. ವಿಜ್ಞಾನ ಕೂದಲೆಳೆಗಿಂತ ಸಾವಿರಾರು ಪಟ್ಟು ಸಣ್ಣ ಬೆಳ್ಳಿಯನ್ನು ನಮಗಾಗಿ ಕಾಳಗಕ್ಕೆ ಇಳಿಸಿದೆ. ಇಷ್ಟು ದೊಡ್ಡ ಕೆಲಸ ಅದು ಮಾಡುವಾಗ, ಇಷ್ಟು ಸಣ್ಣ ಕೆಲಸ ನಾವು ಮಾಡೋಣ.